ಎಲ್ಲರಿಗೂ ಒಂದೇ ಗಡಿಯಾರವಂತೆ



ಹೋದ ತಿಂಗಳು ಎ.ಸಿ. ಆಫೀಸಿನ ಜಗುಲಿಯಲ್ಲಿ ಎದುರು ಪಾರ್ಟಿಯ ವಕೀಲರು ನನ್ನನ್ನು ಕೇಳಿದರು: 'ಏನಯ್ಯಾ, ಕಾನೂನು ಎಲ್ರಿಗೂ ಒಂದೇ ಅಲ್ವಾ? ಮಾರಿದ್ದು ನಿಮ್ಮಪ್ಪ, ದುಡ್ಡು ತಗೊಂಡಿದ್ದು ನಿಮ್ಮಪ್ಪ. ಗೌಡ್ರು ಜಮೀನು ಮಾರಿದ್ರೆ ಅವರ ಮಗ ವಾಪಸ್ ಕೇಳಕ್ಕಾಗುತ್ತಾ? ಸಮಾನತೆ ಅಂತ ಭಾಷಣ ಮಾಡೋರು ನೀವೇ ತಾನೇ?' ನಗುತ್ತಲೇ ಕೇಳಿದರು. ಟೀ ಕೂಡ ಕೊಡಿಸಿದರು. ಅವತ್ತು ನನಗೆ ಉತ್ತರ ಹೊಳೀಲಿಲ್ಲ. ಇಲ್ಲಿ ಬರೀತಿದ್ದೀನಿ.

ನಮ್ಮಪ್ಪನಿಗೆ ದರಖಾಸ್ತಿನಲ್ಲಿ ಸಿಕ್ಕಿದ್ದು ಎರಡು ಎಕರೆ ಕಲ್ಲುಭೂಮಿ. ಹದಿನೈದು ವರ್ಷ ಪರಭಾರೆ ಮಾಡಕೂಡದು ಅಂತ ಸಾಗುವಳಿ ಚೀಟಿಯಲ್ಲೇ ಷರತ್ತಿತ್ತು. ಅದನ್ನು ಓದುವವರು ನಮ್ಮ ಕೇರಿಯಲ್ಲಿ ಒಬ್ಬರೂ ಇರಲಿಲ್ಲ. ಓದಬಲ್ಲವರು ಇದ್ದದ್ದು ಊರೊಳಗೆ. ಜಮೀನು ಕೊಂಡವರೂ ಅವರೇ. 1974ರಲ್ಲಿ ಅಕ್ಕನ ಮದುವೆಗೆ ತಂದ ಸಾಲ, ಅದರ ಬಡ್ಡಿ, ಆಮೇಲೆ ಒಂದು ಹೆಬ್ಬೆಟ್ಟು. ಅಪ್ಪ ಅದೇ ಹೊಲದಲ್ಲಿ ಸಾಯೋತನಕ ಕೂಲಿ ಮಾಡಿದ. ಇದನ್ನು ಮಾರಾಟ ಅನ್ನೋದಾದರೆ ಅನ್ನಲಿ.

ಇಂಥವರಿಗಾಗಿಯೇ ದೇವರಾಜ ಅರಸರ ಕಾಲದಲ್ಲಿ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಆಯಿತು, 1979ರ ಜನವರಿ 1ರಿಂದ ಜಾರಿಗೆ ಬಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಷರತ್ತು ಮುರಿದು ಪರಭಾರೆ ಆಗಿದ್ದರೆ ಅದು ರದ್ದು. ಎ.ಸಿ. ಅದನ್ನು ಬಿಡಿಸಿ ಮಂಜೂರಿದಾರನಿಗೆ, ಇಲ್ಲವೇ ಅವನ ವಾರಸುದಾರರಿಗೆ ಕೊಡಬೇಕು. ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. ಅವರು ಕೈಗೆ ಹಿಡಿದು ಹೋದದ್ದೂ ಸಮಾನತೆಯ 14ನೇ ವಿಧಿಯನ್ನೇ! ತಮಾಷೆ ನೋಡಿ. 1984ರಲ್ಲಿ, ಮಂಚೇಗೌಡ ಪ್ರಕರಣದಲ್ಲಿ, ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಆಮೇಲೆ ಗಡಿಯಾರ ಬಂತು. ಅರ್ಜಿ ಇಂತಿಷ್ಟು ದಿನದೊಳಗೆ ಹಾಕಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇರಲಿಲ್ಲ. ಇಲ್ಲದಿದ್ದರೂ ಸಮಂಜಸವಾದ ಕಾಲದೊಳಗೆ ಹಾಕಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಾವು ಅರ್ಜಿ ಹಾಕಿದ್ದು 2016ರಲ್ಲಿ. ತಡವಾಯ್ತು ಅಂತ ವಜಾ.

ಮೇಲುನೋಟಕ್ಕೆ ಸರಿಯಾದ ಮಾತೇ. ಕಾಲ ಎಲ್ಲರಿಗೂ ಒಂದೇ ಅಲ್ಲವೆ? ಆದರೆ ಉಳ್ಳವನ ಪಹಣಿಯಲ್ಲಿ ಒಂದಕ್ಷರ ತಪ್ಪಾದರೆ ವಿಲೇಜ್ ಅಕೌಂಟೆಂಟ್ ಮಾರನೇ ದಿನ ಅವನ ಮನೆ ಪಡಸಾಲೇಲಿ ಕೂತಿರ್ತಾನೆ. ನಮ್ಮಪ್ಪ ಅರ್ಜಿ ಹಾಕಬೇಕಿದ್ದದ್ದು ಯಾರ ಮೇಲೆ? ಬೆಳಗಾದರೆ ಕೂಲಿ ಕೊಡೋನ ಮೇಲೆ, ಸಾಲ ಕೊಡೋನ ಮೇಲೆ. ಹಾಕಿದ ದಿನವೇ ಒಲೆ ಆರುತ್ತಿತ್ತು. ತಮ್ಮನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ, ಆ ಮನೆಯ ಕೂಲಿಯ ಹಂಗು ಹರಿದ ಮೇಲೆ ತಾನೇ ನಮಗೆ ಧೈರ್ಯ ಬಂದದ್ದು? ನಮ್ಮ ಕಾಲ ಶುರುವಾದದ್ದೇ ಅವತ್ತು. ಎರಡೂ ಮನೆಗೆ ಒಂದೇ ಗಡಿಯಾರ ನೇತುಹಾಕಿದರೆ ಅದು ಸಮಾನತೆ ಇರಬಹುದು, ನ್ಯಾಯ ಹೇಗಾಗುತ್ತೆ? ವಕೀಲರೇ, ಇದೇ ನನ್ನ ಉತ್ತರ.

ಹೋರಾಟದ ಒತ್ತಡಕ್ಕೆ 2023ರಲ್ಲಿ ತಿದ್ದುಪಡಿ ಬಂತು: ಇಂಥ ಅರ್ಜಿಗೆ ಕಾಲಮಿತಿ ಇಲ್ಲ. ನಮ್ಮ ಕಡತವೂ ಮತ್ತೆ ಎ.ಸಿ. ಮುಂದಿದೆ. ಆದರೂ ತಡದ ಮಾತು ಕೋರ್ಟುಗಳಲ್ಲಿ ಇನ್ನೂ ನಿಂತಿಲ್ಲ. ಬ್ರೋಕರ್ ಕೊಟ್ಟ ನೋಟಿಗೆ ಅರ್ಜಿ ವಾಪಸ್ ತಗೊಂಡ ನಮ್ಮವರೂ ಇದ್ದಾರೆ, ಅದನ್ನು ಮುಚ್ಚಿಡೋದು ಬೇಡ. ಮೂರನೇ ಕೈಯಿಂದ ಸೈಟು ಕೊಂಡು ಸಿಕ್ಕಿಕೊಂಡ ಬಡವರ ಬಗ್ಗೆ ನನಗೆ ಕನಿಕರವೂ ಇದೆ. ಅವರು ಹಿಡಿಯಬೇಕಾದ್ದು ಮಾರಿದವನ ಕುತ್ತಿಗೆಪಟ್ಟಿ, ನಮ್ಮದಲ್ಲ.

ಇನ್ನೊಂದು ಮಾತು. 2016ರ ಅರ್ಜಿಯಲ್ಲಿ ವಾರಸುದಾರರು ಅಂತ ಇದ್ದದ್ದು ನನ್ನ ಹೆಸರು, ತಮ್ಮನ ಹೆಸರು. ಅಕ್ಕನ ಹೆಸರಿರಲಿಲ್ಲ. 'ಅವಳ ಮದುವೇಗೇ ಅಲ್ವಾ ಜಮೀನು ಹೋಗಿದ್ದು' ಅಂತ ನಾವಿಬ್ಬರೂ ಅಂದುಕೊಂಡಿದ್ದೆವು. ನಾನು ಮನೆಗೆ ಬಂದು ವಕೀಲರ ಮಾತು ಹೇಳಿದಾಗ ಅಕ್ಕ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತದೆ ಕೇಳಿದಳು: 'ಮದುವೆಗೆ ಮುಂಚೆ ಆರು ವರ್ಷ ಆ ಹೊಲದ ಕಲ್ಲು ಆರಿಸಿದ್ದು ಯಾರ್ಲಾ?'

ಈ ಸಲ ಅವಳ ಹೆಸರು ಸೇರಿಸೋಕೆ ಮೆಮೋ ಹಾಕಿದ್ದೇವೆ.