ತಾಯಿ ಕಾರ್ಡ್ ಟ್ರಂಕ್ ಸೇರಿದ ಮೇಲೆ ಲಸಿಕೆಯ ಲೆಕ್ಕ ಇಡೋರು ಯಾರು?

ಕಳೆದ ಬೇಸಿಗೆಯಲ್ಲಿ ಜೇವರ್ಗಿ ತಾಲ್ಲೂಕಿನ ನಮ್ಮೂರಿಗೆ ಹೋದಾಗ ಅಕ್ಕನ ಮೊಮ್ಮಗಳನ್ನು ಒಂದನೇ ತರಗತಿಗೆ ಸೇರಿಸುವ ಓಡಾಟ ನಡೆದಿತ್ತು. ಆಧಾರ್ ಸಿಕ್ಕಿತು, ಜನನ ಪ್ರಮಾಣಪತ್ರ ಸಿಕ್ಕಿತು, ರೇಷನ್ ಕಾರ್ಡಿನ ಜೆರಾಕ್ಸ್ ಕೂಡ ಸಿಕ್ಕಿತು. ನಾನು ತಾಯಿ ಕಾರ್ಡ್ ಎಲ್ಲಿ ಅಂತ ಕೇಳಿದೆ. ಅಕ್ಕ ನಕ್ಕುಬಿಟ್ಟಳು. "ಅದ್ಯಾಕ ಬೇಕೋ ತಮ್ಮಾ ಈಗ? ಕೂಸ ಇದ್ದಾಗ ಎಲ್ಲಾ ಸೂಜಿ ಮಾಡಿಸೇವಿ. ಈಗ ಸಾಲಿಗಿ ಹೊಂಟಾಳ, ಸೂಜಿ ಮುಗದಾವ."

ಹುಡುಕಿದ ಮೇಲೆ ಟ್ರಂಕಿನ ತಳದಲ್ಲಿ ಕಾರ್ಡ್ ಸಿಕ್ಕಿತು. ಹುಟ್ಟಿದ ದಿನದ್ದು, ಆರು, ಹತ್ತು, ಹದಿನಾಲ್ಕು ವಾರದ್ದು, ಒಂಬತ್ತು ತಿಂಗಳಿನದು, ಎಲ್ಲಕ್ಕೂ ತಾರೀಖು ಬಿದ್ದಿತ್ತು. ಒಂದೂವರೆ ವರ್ಷದ ಲಸಿಕೆಯೂ ಆಗಿತ್ತು. ಪುಣೆಗೆ ದುಡಿಯಲು ಹೋಗಿದ್ದ ಅಪ್ಪ-ಅವ್ವ ಯುಗಾದಿಗೆ ಊರಿಗೆ ಬಂದಿದ್ದಾಗ ಆಶಾ ಕಾರ್ಯಕರ್ತೆ ಮನೆಗೇ ಬಂದು ಕರಕೊಂಡು ಹೋಗಿ ಹಾಕಿಸಿದ್ದರಂತೆ. ಆದರೆ ಐದು ವರ್ಷದ ಸಾಲು ಖಾಲಿ. ಅದನ್ನು ಕೇಳುವವರು ಪುಣೆಯಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ. ಶಾಲೆಯೂ ಕೇಳಲಿಲ್ಲ.

ಆ ಖಾಲಿ ಸಾಲು ನಮ್ಮ ಅಕ್ಕನ ಮನೆಯದಷ್ಟೇ ಅಲ್ಲ. ಲಸಿಕೆ ಅಂದರೆ ಕೂಸಿನ ಸೂಜಿ ಅನ್ನುವ ತಿಳುವಳಿಕೆ ನಮ್ಮ ಮನೆಗಳಲ್ಲಿದೆ, ಅದಕ್ಕಿಂತ ಗಟ್ಟಿಯಾಗಿ ನಮ್ಮ ವ್ಯವಸ್ಥೆಯಲ್ಲಿದೆ.

ಎರಡು ವರ್ಷಕ್ಕೇ ನಿಲ್ಲುವ ಅಳತೆಗೋಲು

ಮೊದಲು ಆಗಿರುವ ಕೆಲಸವನ್ನು ಒಪ್ಪಿಕೊಳ್ಳೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳ ಪ್ರಮಾಣ 2015-16ರಲ್ಲಿ ಶೇ. 62.6 ಇತ್ತು, 2019-21ರಲ್ಲಿ ಶೇ. 84.1ಕ್ಕೆ ಏರಿತು. 2014ರ ಡಿಸೆಂಬರ್‌ನಲ್ಲಿ ಮಿಷನ್ ಇಂದ್ರಧನುಷ್ ಶುರುವಾದಾಗ ಮೊದಲ ಸುತ್ತಿಗೆ ಆರಿಸಿದ 201 ಜಿಲ್ಲೆಗಳಲ್ಲಿ ನಮ್ಮ ಕಲಬುರಗಿಯೂ ಒಂದು. ಬಿಸಿಲಿನಲ್ಲಿ ಲಸಿಕೆ ಡಬ್ಬಿ ಹೊತ್ತು ತಾಂಡಾಗಳಿಗೆ ನಡೆದ ಸಿಸ್ಟರ್‌ಗಳು, ಆಶಾಗಳು ಇಲ್ಲದಿದ್ದರೆ ಈ ಏರಿಕೆ ಆಗುತ್ತಿರಲಿಲ್ಲ.

ಆದರೆ 'ಪೂರ್ಣ ಲಸಿಕೆ' ಅಂದರೆ ಏನು? ಸಮೀಕ್ಷೆ ಲೆಕ್ಕ ಹಾಕುವುದು 12ರಿಂದ 23 ತಿಂಗಳ ಮಕ್ಕಳನ್ನು. ಬಿಸಿಜಿ, ದಡಾರದ ಲಸಿಕೆ, ಮೂರು ಪೋಲಿಯೊ, ಮೂರು ಡಿಪಿಟಿ ಆಗಿದ್ದರೆ ಆ ಕೂಸು 'ಪೂರ್ಣ'. ಸರ್ಕಾರದ ಪಟ್ಟಿ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾದ ಎರಡನೇ ಡೋಸ್ ಮತ್ತು ಡಿಪಿಟಿ ಬೂಸ್ಟರ್, 5ರಿಂದ 6 ವರ್ಷಕ್ಕೆ ಇನ್ನೊಂದು ಡಿಪಿಟಿ ಬೂಸ್ಟರ್, 10 ಮತ್ತು 16 ವರ್ಷಕ್ಕೆ ಟಿಡಿ. ಇವೆಲ್ಲ ಉಚಿತ, ಇವೆಲ್ಲ ಪಟ್ಟಿಯಲ್ಲಿವೆ. ಆದರೆ ಜನರ ಮುಂದಿಡುವ ಯಶಸ್ಸಿನ ಅಂಕಿಯಲ್ಲಿ ಇವು ಇಲ್ಲ. ಅಂಕಿಯಲ್ಲಿ ಇಲ್ಲದ್ದನ್ನು ಸಭೆಯಲ್ಲಿ ಯಾರೂ ಕೇಳುವುದಿಲ್ಲ.

ಬೂಸ್ಟರ್ ಅಂದರೆ ಹೆಚ್ಚುವರಿ ಅಲಂಕಾರವಲ್ಲ. ಕೂಸಿದ್ದಾಗ ಹಾಕಿದ ಲಸಿಕೆ ಕೊಟ್ಟ ರಕ್ಷಣೆ ಕೆಲವು ರೋಗಗಳ ವಿಷಯದಲ್ಲಿ ವರ್ಷ ಕಳೆದಂತೆ ಇಳಿಯುತ್ತದೆ. ಗಂಟಲಮಾರಿ ಇದಕ್ಕೆ ನೇರ ಉದಾಹರಣೆ. 2018ರಲ್ಲಿ ಭಾರತದಲ್ಲಿ ವರದಿಯಾದ ಗಂಟಲಮಾರಿ ಪ್ರಕರಣಗಳು 8 ಸಾವಿರ ಮೀರಿದ್ದವು, ಜಗತ್ತಿನ ಒಟ್ಟು ಪ್ರಕರಣಗಳಲ್ಲಿ ಅರ್ಧದಷ್ಟು ನಮ್ಮವೇ. 2016ರಲ್ಲಿ ಕೇರಳದ ಮಲಪ್ಪುರಂನಲ್ಲಿ ಅದು ಹಬ್ಬಿದಾಗಲೂ ತೊಟ್ಟಿಲ ಕೂಸುಗಳಿಗಿಂತ ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಕಂಡಿತು. ಈಗಿನ ಅಪ್ಪ-ಅವ್ವಂದಿರಲ್ಲಿ ಬಹಳ ಮಂದಿ ಗಂಟಲಮಾರಿಯನ್ನು ಕಣ್ಣಾರೆ ಕಂಡಿಲ್ಲ. ರೋಗ ಮರೆತುಹೋದದ್ದು ಲಸಿಕೆಯಿಂದ, ಲಸಿಕೆ ಮರೆತರೆ ರೋಗ ಮರಳುತ್ತದೆ.

ತವರು, ಗಡಿ, ಗುಳೆ

ನಂಜುಂಡಪ್ಪ ಸಮಿತಿ 2002ರಲ್ಲಿ 'ಅತ್ಯಂತ ಹಿಂದುಳಿದ' ಎಂದು ಗುರುತಿಸಿದ ತಾಲ್ಲೂಕುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇವೆ. ಇಲ್ಲಿ ಲಸಿಕೆ ತಪ್ಪಿದಾಗೆಲ್ಲ 'ಜನರಿಗೆ ತಿಳುವಳಿಕೆ ಇಲ್ಲ' ಎಂಬ ಸಿದ್ಧ ಉತ್ತರ ಬರುತ್ತದೆ. ಅದು ಅರ್ಧ ನಿಜ. 2017ರ ಫೆಬ್ರವರಿಯಲ್ಲಿ ರಾಜ್ಯದಾದ್ಯಂತ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸ್ಆ್ಯಪ್ ವದಂತಿಗಳು ಎಷ್ಟು ಹೆದರಿಸಿದ್ದವು ಎಂಬುದು ನೆನಪಿದೆ. ಆದರೆ ಇನ್ನರ್ಧ ನಿಜ ಬೇರೆ. ಇಲ್ಲಿನ ಬದುಕು ಒಂದೇ ಊರಲ್ಲಿ ನಿಲ್ಲುವುದಿಲ್ಲ, ಲಸಿಕೆಯ ದಾಖಲೆ ಮಾತ್ರ ಒಂದೇ ಊರಿನ ರಿಜಿಸ್ಟರ್‌ನಲ್ಲಿ ನಿಂತುಬಿಡುತ್ತದೆ.

ಚೊಚ್ಚಲ ಹೆರಿಗೆ ತವರಲ್ಲಿ. ಟಿಡಿಯ ಮೊದಲ ಸೂಜಿ ಗಂಡನ ಊರಲ್ಲಿ ಆಗಿರುತ್ತದೆ, ನಾಲ್ಕು ವಾರ ಬಿಟ್ಟು ಹಾಕಬೇಕಾದ ಎರಡನೆಯದು ಕುಬಸ ಮುಗಿಸಿ ತವರಿಗೆ ಹೋದ ಮೇಲೆ ನೆನಪಾಗುತ್ತದೆ. ಆಳಂದ, ಅಫಜಲಪುರದವರಿಗೆ ಅಕ್ಕಲಕೋಟ, ಸೊಲ್ಲಾಪುರದ ಕಡೆ ಬೀಗತನ ಹೊಸದೇನಲ್ಲ. ಆಳಂದದ ಗೆಳೆಯರೊಬ್ಬರು ಹೇಳಿದ್ದು: "ನಮ್ಮ ಮನಿಯಾಕಿ ತವರು ಅಕ್ಕಲಕೋಟ ಕಡಿ ರೀ. ಹೆರಿಗಿ ಅಲ್ಲೇ ಆಯ್ತು, ಕಾರ್ಡ್ ಮರಾಠಿದಾಗ ಅದ. ಯಾವ ಸೂಜಿ ಆಗ್ಯದ, ಯಾವುದು ಉಳದದ ಅಂತ ಇಲ್ಲಿ ಸಿಸ್ಟರ್ ಅಕ್ಕೋರು ಒಂದೊಂದೇ ಹುಡುಕಿ ನೋಡಬೇಕಾಯ್ತು."

ಆಮೇಲೆ ಗುಳೆ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿನ ಕಟ್ಟಡ ಕೆಲಸ, ಕಬ್ಬು ಕಡಿಯುವ ಕೆಲಸ. ನಮ್ಮ ಕಡೆ ಗುರುವಾರ ಲಸಿಕೆ ದಿನ. ಗುಳೆ ಹೋದ ಊರಲ್ಲಿ ಯಾವ ದಿನ, ಎಲ್ಲಿ ಅಂತ ಗೊತ್ತಾಗುವುದರಲ್ಲಿ ಸೀಸನ್ನೇ ಮುಗಿದಿರುತ್ತದೆ. ಗೊತ್ತಾದರೂ ಒಂದು ದಿನದ ಪಗಾರ ಹೋಗುತ್ತದೆ. ಸೂಜಿ ಮಾಡಿಸಿದ ರಾತ್ರಿ ಕೂಸಿಗೆ ಜ್ವರ ಬಂದರೆ ಮರುದಿನದ್ದೂ ಹೋಗುತ್ತದೆ. ಇದನ್ನು ಅಜ್ಞಾನ ಅನ್ನಲಾಗದು.

ಇನ್ನೊಂದು ಮಾತು ಜನರಿಗೆ ಯಾರಾದರೂ ಗಟ್ಟಿಯಾಗಿ ಹೇಳಬೇಕು. ಡೋಸ್ ತಡವಾದರೆ ಹಿಂದಿನದ್ದೆಲ್ಲ ವ್ಯರ್ಥವಾಗುವುದಿಲ್ಲ, ಮೊದಲಿನಿಂದ ಶುರು ಮಾಡಬೇಕಿಲ್ಲ. ಬಿಟ್ಟಲ್ಲಿಂದ ಮುಂದುವರಿಸಬಹುದು. 'ಟೈಮ್ ಹೋತು, ಇನ್ನೇನ್ ಬೈತಾರೋ' ಎಂಬ ಅಂಜಿಕೆಯಲ್ಲೇ ಎಷ್ಟೋ ತಾಯಂದಿರು ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ.

ಹೆಣ್ಣಿಗೆ ಬಸುರಾದಾಗ, ಗಂಡಿಗೆ ಗಾಯವಾದಾಗ

ಹತ್ತು ಮತ್ತು ಹದಿನಾರರ ಟಿಡಿ ಕೊಡುವುದು ಹೆಚ್ಚಾಗಿ ಶಾಲೆಯ ಮೂಲಕ. ಎಂಟನೆಯದಕ್ಕೋ ಹತ್ತನೆಯದಕ್ಕೋ ಶಾಲೆ ಬಿಟ್ಟ ಹುಡುಗಿಗೆ ಮುಂದಿನ ಸೂಜಿ ಬಸುರಾದಾಗ. ಶಾಲೆ ಬಿಟ್ಟ ಹುಡುಗನಿಗೆ ಮುಂದಿನ ಸೂಜಿ ಹೊಲದಲ್ಲಿ ಕಬ್ಬಿಣ ಚುಚ್ಚಿದಾಗ. ನಮ್ಮಲ್ಲಿ ವಯಸ್ಕರ ಲಸಿಕೆ ಅಂದರೆ ಇಷ್ಟೇ.

ಬಸುರಿಯರಿಗೆ ಟಿಟಿ, ಈಗ ಟಿಡಿ ಕೊಟ್ಟದ್ದರ ಫಲ ಸಣ್ಣದಲ್ಲ. ಸುರಕ್ಷಿತ ಹೆರಿಗೆಯ ಜೊತೆ ಸೇರಿ ಅದು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಎಷ್ಟು ಇಳಿಸಿತೆಂದರೆ 2015ರಲ್ಲಿ ಭಾರತ ಅದನ್ನು ನಿವಾರಿಸಿದ ದೇಶವೆಂದು ಘೋಷಣೆಯಾಯಿತು. ಹುಟ್ಟುವ ಮೊದಲೇ ಕೂಸಿಗೆ ಸಿಗುವ ರಕ್ಷಣೆ ಅದು. ಬ್ರಿಟನ್ 2012ರಿಂದ ಬಸುರಿಯರಿಗೆ ನಾಯಿಕೆಮ್ಮಿನ ಲಸಿಕೆಯನ್ನೂ ಕೊಡುತ್ತಿದೆ. ಆರು ವಾರಕ್ಕೆ ಮೊದಲ ಲಸಿಕೆ ಬೀಳುವ ತನಕ ಕೂಸನ್ನು ಕಾಯುವುದು ತಾಯಿಯಿಂದ ಬಂದ ರಕ್ಷಣೆ ಮಾತ್ರ. ನಮ್ಮಲ್ಲಿ ಆ ಲಸಿಕೆ ದುಡ್ಡಿದ್ದವರಿಗೆ ಖಾಸಗಿ ಆಸ್ಪತ್ರೆಯಲ್ಲಿ ಸಿಗುತ್ತದೆ.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ರಾಷ್ಟ್ರೀಯ ಲಸಿಕಾ ಸಲಹಾ ಮಂಡಳಿ 2022ರಲ್ಲೇ ಶಿಫಾರಸು ಮಾಡಿತು. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಇದನ್ನು ಪ್ರೋತ್ಸಾಹಿಸುವುದಾಗಿ 2024ರ ಕೇಂದ್ರದ ಮಧ್ಯಂತರ ಬಜೆಟ್ ಹೇಳಿತು. ಇದನ್ನೂ ಶಾಲೆಯ ಹಾಜರಿಗೆ ಮಾತ್ರ ಕಟ್ಟಿಹಾಕಿದರೆ ಯಾರಿಗೆ ಹೆಚ್ಚು ಬೇಕೋ ಅವಳೇ ತಪ್ಪಿಹೋಗುತ್ತಾಳೆ.

ಇನ್ನು ಎಪ್ಪತ್ತು ದಾಟಿದ ನಮ್ಮ ಅವ್ವ. ಸಕ್ಕರೆ ಕಾಯಿಲೆ ಇದೆ, ಜೀವನಪೂರ್ತಿ ಒಲೆ ಊದಿದ ಎದೆ. ಪ್ರತಿ ಚಳಿಗಾಲ ಕೆಮ್ಮು, ದಮ್ಮು. ಇಂಥವರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ. ಸರ್ಪಸುತ್ತಿಗೂ ಲಸಿಕೆ ಇದೆ, ಆದರೆ ಬೆಲೆ ಸಾವಿರಾರು ರೂಪಾಯಿ. ಬ್ರಿಟನ್‌ನಲ್ಲಿ 65 ದಾಟಿದವರ ಫ್ಲೂ ಲಸಿಕೆಯ ಖರ್ಚು ಸರ್ಕಾರದ್ದು. ನಮ್ಮ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಮುದುಕರೇ ಇಲ್ಲ.

ಇದು ಆಗದ ಕೆಲಸ ಅನ್ನಬೇಡಿ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯ 76 ವರ್ಷದ ಹಿರಿಯರದು, 2020ರ ಮಾರ್ಚ್‌ನಲ್ಲಿ. ಮರುವರ್ಷ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾಯಿತು. ಅದೇ ಸಿಸ್ಟರ್‌ಗಳು, ಅದೇ ಆರೋಗ್ಯ ಕೇಂದ್ರ. ಮೊದಲ ಡೋಸ್ ಜೇವರ್ಗಿಯಲ್ಲಿ, ಎರಡನೆಯದು ಪುಣೆಯಲ್ಲಿ ಹಾಕಿಸಿಕೊಂಡರೂ ಲೆಕ್ಕ ತಪ್ಪಲಿಲ್ಲ. ವಯಸ್ಕರಿಗೂ ಲಸಿಕೆ ತಲುಪಿಸಬಹುದು, ಗಡಿ ದಾಟಿದರೂ ದಾಖಲೆ ಹಿಂಬಾಲಿಸಬಹುದು ಎಂದು ಅಂದೇ ತೋರಿಸಿದ್ದೇವೆ.

ಮಾಡಬಹುದಾದ ಕೆಲಸ

ಎಲ್ಲ ಲಸಿಕೆ ಎಲ್ಲರಿಗೂ ನಾಳೆಯೇ ಕೊಡಿ ಅನ್ನುತ್ತಿಲ್ಲ. ಈಗಾಗಲೇ ಪಟ್ಟಿಯಲ್ಲಿರುವ ಉಚಿತ ಡೋಸ್‌ಗಳನ್ನು ಮೊದಲು ಮುಗಿಸಲಿ.

ಒಂದನೇ, ಐದನೇ, ಹತ್ತನೇ ತರಗತಿಯಲ್ಲಿ ಮುಖ್ಯ ಗುರುಗಳು ಆಧಾರ್ ಜೊತೆ ತಾಯಿ ಕಾರ್ಡನ್ನೂ ನೋಡಲಿ. ಇಲ್ಲ ಅಂತ ದಾಖಲಾತಿ ನಿಲ್ಲಿಸುವುದು ಬೇಡ, ಆ ಹೆಸರು ಆರೋಗ್ಯ ಕೇಂದ್ರಕ್ಕೆ ಹೋದರೆ ಸಾಕು. ಶಾಲೆ ಬಿಟ್ಟವರ ಪಟ್ಟಿಯೂ ಹಾಗೇ ಹೋಗಲಿ. 2023ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಯು-ವಿನ್ ಡಿಜಿಟಲ್ ದಾಖಲೆ ಇರುವುದೇ ಊರು ಬದಲಿಸುವವರಿಗಾಗಿ. ಗಡಿ ತಾಲ್ಲೂಕುಗಳಲ್ಲಿ ಅದರ ಬಳಕೆಗೆ ಮೊದಲ ಆದ್ಯತೆ ಸಿಗಲಿ. ಗುಳೆ ಹೋದವರು ಯುಗಾದಿಗೆ, ಶರಣಬಸವೇಶ್ವರ ಜಾತ್ರೆಗೆ ಊರಿಗೆ ಬರುತ್ತಾರೆ. ವಿಶೇಷ ಲಸಿಕಾ ಶಿಬಿರ ಆ ವಾರಗಳಲ್ಲಿ ನಡೆಯಲಿ.

ಹಿರಿಯರಲ್ಲಿ ಸಕ್ಕರೆ ಕಾಯಿಲೆ, ಶ್ವಾಸಕೋಶದ ಕಾಯಿಲೆ ಇದ್ದವರಿಂದ ಫ್ಲೂ ಲಸಿಕೆ ಶುರುವಾಗಲಿ. ದುಡ್ಡೆಲ್ಲಿ ಅನ್ನುವಂತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಲಾಗಿದೆ. 371(ಜೆ) ಅಡಿ ಬಂದ ಹಣ ರಸ್ತೆ, ಕಟ್ಟಡಕ್ಕಷ್ಟೇ ಹೋಗಬೇಕೆಂದೇನಿಲ್ಲ. ಮೂರೂ ತಾಲ್ಲೂಕಿನ ಶಾಸಕರು ಮಂಡಳಿ ಸಭೆಯಲ್ಲಿ ಒಮ್ಮೆ ಕೇಳಲಿ: ನಮ್ಮ ತಾಲ್ಲೂಕಿನಲ್ಲಿ ಐದು ವರ್ಷದ ಬೂಸ್ಟರ್ ಎಷ್ಟು ಮಕ್ಕಳಿಗೆ ಆಗಿದೆ?

ಆ ಗುರುವಾರ ಅಕ್ಕ ಮೊಮ್ಮಗಳನ್ನು ಉಪಕೇಂದ್ರಕ್ಕೆ ಕರಕೊಂಡು ಹೋದಳು. ಏಳು ವರ್ಷದೊಳಗೆ ಇದ್ದಳಾದ್ದರಿಂದ ಡಿಪಿಟಿ ಬೂಸ್ಟರ್ ಸಿಕ್ಕಿತು. ಸಿಸ್ಟರ್ ಖಾಲಿ ಸಾಲಿನಲ್ಲಿ ತಾರೀಖು ಬರೆದು, "ಹತ್ತು ವರ್ಷಕ್ಕ ಮತ್ತೊಂದು ಅದ, ಕಾರ್ಡ್ ಕಳಕೊಬ್ಯಾಡ್ರಿ ಯವ್ವಾ" ಅಂದರಂತೆ. ಅಕ್ಕ ಈಗ ಕಾರ್ಡನ್ನು ಆಧಾರ್ ಇರುವ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟಿದ್ದಾಳೆ. ಹತ್ತು ವರ್ಷಕ್ಕೆ ಆ ಹುಡುಗಿ ಯಾವ ಊರಿನ ಶಾಲೆಯಲ್ಲಿ ಇರುತ್ತಾಳೋ ಗೊತ್ತಿಲ್ಲ. ಎಲ್ಲೇ ಇದ್ದರೂ ಅವಳ ಸೂಜಿಯನ್ನು ನೆನಪಿಡುವ ಕೆಲಸ ಅಕ್ಕನೊಬ್ಬಳದೇ ಆಗಬಾರದು.