ಮಗಳ ತರ್ಕದ ಪಾಠಕ್ಕೆ ತಾಯಿಯ ನೆರವು

ಪಿಯುಸಿ ಓದುವ ಮಗಳು ಕಾನೂನು ಕಾಲೇಜಿಗೆ ಸೇರಲು 'ಕ್ಲಾಟ್' ಪರೀಕ್ಷೆಗೆ ಓದ್ತಿದ್ದಾಳೆಯೇ? ತರ್ಕದ ಕಠಿಣ ಪ್ರಶ್ನೆ ಬಂದರೆ ಪುಸ್ತಕ ಮುಚ್ಚಿಬಿಡ್ತಾಳೆಯೇ? ಬೈಯಬೇಡಿ ತಾಯಂದಿರೇ. 120 ನಿಮಿಷಕ್ಕೆ 120 ಪ್ರಶ್ನೆ. ಒಂದು ತಪ್ಪಾದರೆ ಕಾಲು ಅಂಕ ಖೋತಾ. ಗಾಬರಿ ಸಹಜವೇ.

ಮೊದಲು ಗಡಿಯಾರ ಪಕ್ಕಕ್ಕಿಡಿಸಿ. ಹಳೆಯ ಪ್ರಶ್ನೆಪತ್ರಿಕೆಗಳಿಂದ ದಿನಕ್ಕೆ ಐದೇ ಪ್ರಶ್ನೆ ಸಾಕು. 2020ರಿಂದ ಪ್ರಶ್ನೆಗಳು ಗದ್ಯಭಾಗದ ಕೆಳಗೆ ಬರುತ್ತವೆ. ಲೇಖಕ ಹೇಳುವುದೇನು, ಕೊಡುವ ಕಾರಣವೇನು ಎಂದು ಮಗಳು ತನ್ನ ಮಾತಿನಲ್ಲೇ ಒಂದು ಸಾಲು ಬರೆಯಲಿ. ಆಮೇಲೆ ಒಂದು ಉತ್ತರ ಆರಿಸಿ, ಉಳಿದ ಮೂರನ್ನು ಏಕೆ ಬಿಟ್ಟೆ ಅಂತ ನಿಮಗೆ ವಿವರಿಸಲಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ, 'ಯಾಕಮ್ಮಾ?' ಎಂದು ಕೇಳಿದರಾಯಿತು.

ಒಂದು ಉದಾಹರಣೆ ನೋಡಿ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತೆ, ನಿಜ. ಅಂಗಳ ಒದ್ದೆಯಾಗಿದೆ ಅಂದ ಮಾತ್ರಕ್ಕೆ ಮಳೆ ಬಂತು ಅನ್ನಲಾದೀತೇ? ನೀವೇ ರಂಗೋಲಿಗೆಂದು ನೀರು ಚಿಮುಕಿಸಿರಬಹುದಲ್ಲ! ಎಷ್ಟೋ ಮಕ್ಕಳು ಎಡವೋದು ಇಂಥ ಕಡೆಯೇ.

ತಪ್ಪಿದ ಪ್ರಶ್ನೆಗಳಿಗೆ ಬೇರೆ ನೋಟ್‌ಬುಕ್ ಇರಲಿ. ಅದರಲ್ಲಿ ಸರಿಯುತ್ತರ ಬೇಡ, ಎಲ್ಲಿ ದಾರಿ ತಪ್ಪಿತು ಅನ್ನೋದನ್ನು ಬರೆಯಲಿ. ವಾರ ಕಳೆದು ಅದನ್ನೇ ಮತ್ತೆ ಬಿಡಿಸಲಿ. ಕಾರಣಸಮೇತ ಸರಿಯಾಗಿ ಹೇಳತೊಡಗಿದ ಮೇಲೆ ಗಡಿಯಾರ ತಂದಿಡಿ. ನೂರು ಪ್ರಶ್ನೆ ಓಡಿಸಿದವಳಿಗಿಂತ, ಐದನ್ನು ಚೆನ್ನಾಗಿ ಅರಗಿಸಿಕೊಂಡವಳಿಗೆ ಹೊಸ ಪ್ರಶ್ನೆ ಕಂಡಾಗ ಧೈರ್ಯ ಹೆಚ್ಚು.