ಲಕ್ಷದ ಚಕ್ರ, 14 ಸೆಕೆಂಡು

ನಮ್ಮ ಆಫೀಸಿಗೀಗ ಸೈಕಲ್ ಜ್ವರ. ಶನಿವಾರ ಬೆಳಗಾಗೋ ಮುಂಚೆ ಹೆಬ್ಬಾಳ ದಾಟಿ ನಂದಿಬೆಟ್ಟದ ಕಡೆ ಹೊರಡೋದು, ಸೋಮವಾರ ಕಾಫಿ ಮೆಷಿನ್ ಮುಂದೆ ಸ್ಟ್ರಾವಾ ಅಂಕಿ ಹೋಲಿಸೋದು. ಇದಕ್ಕೆ ನನ್ನ ತಕರಾರಿಲ್ಲ. ತಕರಾರಿರೋದು ಆಮೇಲೆ ಬರೋ ಮಾತಿಗೆ: "ನೀನು ಹಿಂದೆ ಬೀಳ್ತಿರೋದು ವೀಲ್‌ಸೆಟ್‌ನಿಂದ ಗುರು, ಕಾರ್ಬನ್‌ಗೆ ಹೋಗು." ಕೆಲಸಕ್ಕೆ ಸೇರಿ ಎರಡು ವರ್ಷವಾಗದ ಹುಡುಗರು ಇದನ್ನು ನಂಬಿ ಲಕ್ಷ ರೂಪಾಯಿ ಚಕ್ರಕ್ಕೆ ಇಎಂಐ ಕಟ್ತಿದ್ದಾರೆ.

ಲೆಕ್ಕ ಹಾಕೋಣ, ಎಂಜಿನಿಯರುಗಳೇ ತಾನೆ ನಾವು? ಸವಾರ, ಸೈಕಲ್, ನೀರಿನ ಬಾಟಲಿ ಸೇರಿ 85 ಕೆಜಿ. ಹೊಸ ಚಕ್ರದಿಂದ ಅರ್ಧ ಕೆಜಿ ಉಳೀತು ಅಂದುಕೊಳ್ಳಿ, ಅಂದರೆ ಶೇಕಡ 0.6. ನಂದಿ ಹತ್ತೋಕೆ ನಿಮಗೆ 40 ನಿಮಿಷ ಬೇಕಿದ್ದರೆ, ಲಾಭ ಹೆಚ್ಚೆಂದರೆ 14 ಸೆಕೆಂಡು. "ತಿರುಗೋ ತೂಕದ ಲೆಕ್ಕ ಬೇರೆ ಕಣ್ರೀ" ಅಂತಾರೆ. ವೇಗ ಹೆಚ್ಚಿಸುವಾಗ ಬೇರೆ, ಒಪ್ಪಿದೆ. ಒಂದೇ ವೇಗದಲ್ಲಿ ಹೋಗುವಾಗ ತೂಕ ಚಕ್ರದಲ್ಲಿದ್ದರೇನು, ಹೊಟ್ಟೆಯಲ್ಲಿದ್ದರೇನು!

ಸಮತಟ್ಟು ರಸ್ತೆಯಲ್ಲಿ ಶತ್ರು ಗಾಳಿ. ಎತ್ತರದ ರಿಮ್ ಗಾಳಿ ಸೀಳುತ್ತೆ, ನಿಜ. 40ರ ಮೇಲಿನ ವೇಗದಲ್ಲಿ ರೇಸ್ ಮಾಡೋರಿಗೆ ಅದು ಬೇಕು. ಆದರೆ ಗಾಳಿತಡೆಯ ಮುಕ್ಕಾಲು ಪಾಲು ಸವಾರನ ಮೈಯದ್ದೇ. ಪಟಪಟ ಹಾರೋ ಜಾಕೆಟ್ ಹಾಕ್ಕೊಂಡು, ನೆಟ್ಟಗೆ ಕೂತು, ರಿಮ್ಮಿಗೆ ಲಕ್ಷ ಸುರಿಯೋದು ಯಾವ ನ್ಯಾಯ?

ಟೈರಿನ ವಿಷಯ ಬೇರೆ. ರಬ್ಬರ್ ಪ್ರತಿ ಸುತ್ತಿಗೂ ಬಾಗಿ ಮತ್ತೆ ನೆಟ್ಟಗಾಗುತ್ತೆ, ಆ ಕೆಲಸದಲ್ಲಿ ನಿಮ್ಮ ಶಕ್ತಿ ಶಾಖವಾಗಿ ಪೋಲಾಗುತ್ತೆ. ಗಡುಸು ಟೈರಿನ ಉರುಳುತಡೆಯ ಗುಣಾಂಕ 0.007, ಒಳ್ಳೆಯದರದು 0.004 ಅಂತಿಟ್ಟುಕೊಂಡರೆ, ಗಂಟೆಗೆ 30 ಕಿಮೀ ವೇಗದಲ್ಲಿ ಸುಮಾರು 20 ವಾಟ್ ಉಳಿಯುತ್ತೆ. 200 ವಾಟ್ ತುಳಿಯೋನಿಗೆ ಹತ್ತರಲ್ಲೊಂದು ಪಾಲು! ಬೆಲೆಯೂ ಆ ಚಕ್ರದ ಹತ್ತರಲ್ಲೊಂದು ಪಾಲಿನ ಆಸುಪಾಸು.

ತೆಳ್ಳಗಿದ್ದಷ್ಟೂ, ಕಲ್ಲಿನಂತೆ ಗಾಳಿ ತುಂಬಿದಷ್ಟೂ ವೇಗ ಅನ್ನೋದು ಹಳೇ ನಂಬಿಕೆ. ವೃತ್ತಿಪರ ರೇಸಿನವರೇ 23 ಮಿಮೀ ಬಿಟ್ಟು 28ಕ್ಕೆ ಬಂದು ವರ್ಷಗಳಾದವು. ಬೆಂಗಳೂರಿನ ರಸ್ತೆಯಲ್ಲಿ 120 ಪಿಎಸ್‌ಐ ಟೈರು ಉರುಳಲ್ಲ, ಕುಪ್ಪಳಿಸುತ್ತೆ. ನಮ್ಮೂರಲ್ಲಿ ಹಾಲಿನ ಕ್ಯಾನ್ ಹೇರಿಕೊಂಡು ಡೇರಿಗೆ ಹೋಗೋರು ಹೆಬ್ಬೆರಳಲ್ಲಿ ಟೈರು ಒತ್ತಿ ನೋಡಿಯೇ ಹೊರಡ್ತಿದ್ರು. ಎರಡು ಲಕ್ಷದ ಸೈಕಲ್ಲಿನವರಿಗೆ ಅಷ್ಟೂ ಪುರುಸೊತ್ತಿಲ್ಲ.

ಕಾರ್ಬನ್ ಚಕ್ರ ನೋಡೋಕೆ ಚೆಂದ, ಅದರ ಸದ್ದೂ ಚೆಂದ. ಚೆಂದಕ್ಕೇ ಕೊಂಡರೆ ಜಗಳವಿಲ್ಲ. ಹಿಂದೆ ಬಿದ್ದ ಹೊಸ ಹುಡುಗನಿಗೆ ವೇಗದ ಹೆಸರಲ್ಲಿ ಅದನ್ನು ತಗಲಿಸಬೇಡಿ. ಮುಂದಿರೋರು ಒಂಚೂರು ನಿಧಾನಿಸಿ, ಅವನನ್ನು ನಿಮ್ಮ ಬೆನ್ನ ಹಿಂದಿನ ಗಾಳಿಮರೆಯಲ್ಲಿ ಕರ್ಕೊಂಡು ಹೋಗಿ. ಯಾವ ರಿಮ್ಮೂ ಕೊಡದಷ್ಟು ವಾಟ್ ಅವನಿಗೆ ಅಲ್ಲಿ ಬಿಟ್ಟಿ ಸಿಗುತ್ತೆ.